ಬೆಂಚಿನ ಹೊಸ ಹಲಗೆ ಸೀಳದಂತೆ ಕೂಡಿಸುವ ಬಗೆ



ರೋಹಿಣಿ ಮಳೆ ಹತ್ತಿರ ಬಂತೆಂದರೆ ನಮ್ಮ ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಲ್ಲಿ ಬಾಚಿ, ಕೊಡತಿಗಳ ಸಪ್ಪಳ ಶುರುವಾಗುತ್ತದೆ. ಒಬ್ಬರ ಕೂರಿಗೆಯ ತಾಳು ಸಡಿಲಾಗಿರುತ್ತದೆ, ಇನ್ನೊಬ್ಬರ ಕುಂಟೆಯ ದಿಂಡು ಸೀಳಿರುತ್ತದೆ. ಮೊದಲೆಲ್ಲ ಊರಿನ ಬಡಿಗೇರರು ಆಯದ ಕಾಳಿನ ಮೇಲೆ ಈ ಕೆಲಸ ನೋಡಿಕೊಳ್ಳುತ್ತಿದ್ದರು. ಈಗ ಅನೇಕ ಊರುಗಳಲ್ಲಿ ಅವರ ಮಕ್ಕಳು ಪೇಟೆಗೆ ಹೋಗಿ ಬಾಗಿಲು, ಕಪಾಟು ಮಾಡುತ್ತಿದ್ದಾರೆ. ಅವರನ್ನು ಅನ್ನುವಂತಿಲ್ಲ, ಕಾಳಿನ ಆಯದಿಂದ ಅವರ ಸಂಸಾರ ಸಾಗುವ ಕಾಲ ಮುಗಿಯಿತು. ಟ್ರ್ಯಾಕ್ಟರ್ ಬಾಡಿಗೆಗೆ ಸಿಗುತ್ತದೆ ಎಂಬುದು ಖರೆ. ಆದರೆ ಹದ ಬಂದ ನಾಲ್ಕು ದಿನ ಎಲ್ಲರಿಗೂ ಅದೇ ಟ್ರ್ಯಾಕ್ಟರ್ ಬೇಕಾಗಿರುತ್ತದೆ. ಮೂರು ನಾಲ್ಕು ಎಕರೆಯವರು ಪಾಳಿ ಕಾಯುತ್ತ ಕೂತರೆ ಹದ ಆರಿಹೋಗುತ್ತದೆ. ಆದ ಕಾರಣ ಎತ್ತು ಇಟ್ಟುಕೊಂಡವರು ಕೂರಿಗೆ ಬಿಟ್ಟಿಲ್ಲ, ಕೂರಿಗೆ ಇರುವ ಮನೆಯಲ್ಲಿ ಅದರ ಸಣ್ಣಪುಟ್ಟ ರಿಪೇರಿಗೆಂದು ದನದ ಕೊಟ್ಟಿಗೆಯ ಮಗ್ಗುಲಿಗೆ ಒಂದು ಬೆಂಚು ಇರುತ್ತದೆ.

ಈ ಬೆಂಚಿನ ಮೇಲಿನ ಹಲಗೆಯ ಬಗ್ಗೆ ಇವತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. "ಸಾಹೇಬ್ರಿಗೆ ಬೆಳಿ ಬಿಟ್ಟು ಬಡಿಗತನ ಯಾಕ ಬೇಕಾತು?" ಎಂದು ನೀವು ಕೇಳಬಹುದು. ಕೇಳುವುದು ಸರಿಯೇ. ನಾನು ಓದಿದ್ದು ಕೃಷಿ ಡಿಪ್ಲೊಮಾ, ಬಡಿಗತನವಲ್ಲ. ಈ ಮಾತು ನಾನು ಕಲಿತದ್ದು ನನ್ನದೇ ಒಂದು ತಪ್ಪಿನಿಂದ.

ಶಹಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಒಕ್ಕಲಿಗರೊಬ್ಬರ ಬೆಂಚಿನ ಹಲಗೆ ಒರಲೆ ಹಿಡಿದು ಹಾಳಾಗಿತ್ತು. ಕಾಲು, ಚೌಕಟ್ಟು ಗಟ್ಟಿಯಾಗಿದ್ದವು. ಅವರು ಹೊಸ ಸಾಗವಾನಿ ಹಲಗೆ ತಂದಿದ್ದರು, ಎರಡು ಅಡಿ ಅಗಲ, ಆರು ಅಡಿ ಉದ್ದ. ಶ್ರಾವಣ ಮಾಸ, ಜಿಟಿಜಿಟಿ ಮಳೆ. ನಾನು ಆ ದಿನ ಅಲ್ಲಿದ್ದೆ. "ಯಜಮಾನ್ರ, ಗಟ್ಟಿ ಕೂಡಬೇಕಂದ್ರ ನಾಲ್ಕೂ ಮಗ್ಗಲಿಗೆ ಸರೇಸು ಹಚ್ಚಿ, ಐದು ಇಂಚಿನ ಮೊಳಿ ಹೊಡದುಬಿಡ್ರಿ" ಎಂದು ಹೇಳಿದವನು ನಾನೇ. ನನ್ನ ಮಾತು ನಂಬಿ ಅವರು ಹಾಗೆಯೇ ಮಾಡಿದರು. ಅಲ್ಲಾಡಿಸಿದರೆ ಬೆಂಚು ಬಂಡೆಯಂತೆ ನಿಂತಿತ್ತು. ಯುಗಾದಿ ದಾಟಿದ ಮೇಲೆ ಅದೇ ಊರಿಗೆ ಹೋದಾಗ ಅವರು ಏನೂ ಮಾತಾಡದೆ ನನ್ನನ್ನು ಕೊಟ್ಟಿಗೆಗೆ ಕರೆದೊಯ್ದರು. ಹಲಗೆ ಈ ತುದಿಯಿಂದ ಆ ತುದಿಯವರೆಗೆ ಸೀಳಿತ್ತು. ಸೀಳಿನಲ್ಲಿ ಕಿರುಬೆರಳಿನ ತುದಿ ಹೋಗುತ್ತಿತ್ತು.

ಹಾನಿ ಹಲಗೆಯ ಬೆಲೆಯಷ್ಟಕ್ಕೆ ನಿಲ್ಲಲಿಲ್ಲ. ಅದೇ ಸೀಳಿದ ಬೆಂಚಿನ ಮೇಲೆ ಅವರು ನಾಲ್ಕು ತಾಳಿನ ಕೂರಿಗೆಗೆ ಹೊಸ ದಿಂಡು ಕೊರೆದರು. ಸೀಳಿದ ಹಲಗೆಯ ಎರಡು ಅರ್ಧ ಬೇರೆಬೇರೆಯಾಗಿ ಬಗ್ಗುತ್ತಿದ್ದವು. ದಿಂಡು ಸರಿದಾಡಿ ಬೈರಿಗೆ ವಾರೆಯಾಗಿ ಇಳಿಯಿತು. ಹೆಸರಿಗೆ ಸಾಲಿನಿಂದ ಸಾಲಿಗೆ ಒಂದು ಅಡಿ ಇರಬೇಕಷ್ಟೆ. ಅವರ ಒಂದು ತಾಳು ಒಂದೂವರೆ ಇಂಚು ಒಳಗೆ ವಾಲಿತ್ತು. ಬಿತ್ತುವಾಗ ಅದು ಕಣ್ಣಿಗೆ ಬೀಳಲಿಲ್ಲ. ಎಡೆಕುಂಟೆ ಹೊಡೆಯಲು ಹೋದಾಗ ಪ್ರತಿ ನಾಲ್ಕರಲ್ಲಿ ಒಂದು ಸಾಲಿನ ಸಸಿಗಳು ಕುಂಟೆಯ ಬಾಯಿಗೆ ಬಂದವು. ಹೆಂಗಸರು ಕೈಯಿಂದ ಕಳೆ ಕಿತ್ತರು, ಕೂಲಿ ಮೈಮೇಲೆ ಬಂತು. ಬೆಂಚಿನ ಒಂದು ಹಲಗೆಯಿಂದ ಹೊಲದ ತನಕ ಹೀಗೆ ಹಾನಿ ಹೋಗುತ್ತದೆಂದು ನನಗೆ ಆಗ ತಿಳಿಯಿತು.

ಅದೇ ಊರಿನಲ್ಲಿ ವಯಸ್ಸಾದ ಬಡಿಗೇರ ಮುತ್ಯಾ ಒಬ್ಬರಿದ್ದರು. ಅವರ ಮುಂದೆ ಸಂಗತಿ ಹೇಳಿದೆ. ಮುತ್ಯಾ ನಕ್ಕು, "ಬ್ಯಾಸಗ್ಯಾಗ ಬಂಡಿ ಗಾಲಿ ಹಳ್ಳದಾಗ ಯಾಕ ನೆನಿ ಹಾಕ್ತಾರ, ಹೇಳ್ರಿ ಸಾಹೇಬ್ರ?" ಎಂದು ಕೇಳಿದರು.

ಬಂಡಿ ಹೊಡೆದವರಿಗೆಲ್ಲ ಇದು ಗೊತ್ತು. ಬಿಸಿಲಿಗೆ ಗಾಲಿಯ ಕಟ್ಟಿಗೆ ಒಣಗಿ ಕುಗ್ಗುತ್ತದೆ, ಮೇಲಿನ ಕಬ್ಬಿಣದ ಪಟ್ಟಿ ಸಡಿಲಾಗಿ ಗಡಗಡ ಎನ್ನುತ್ತದೆ. ಗಾಲಿಯನ್ನು ನೀರಲ್ಲಿ ನೆನೆಯಿಟ್ಟರೆ ಕಟ್ಟಿಗೆ ಉಬ್ಬಿ ಪಟ್ಟಿ ಮತ್ತೆ ಬಿಗಿಯುತ್ತದೆ. ಹಳೆಯ ವಾಡೆಯ ಬಾಗಿಲು ಶ್ರಾವಣದಲ್ಲಿ ಚೌಕಟ್ಟಿಗೆ ಕಚ್ಚಿಕೊಂಡು ಭುಜ ಕೊಟ್ಟು ನೂಕಬೇಕಾಗುತ್ತದೆ. ಅದೇ ಬಾಗಿಲು ಬೇಸಿಗೆಯಲ್ಲಿ ಹಲಗೆ ಹಲಗೆಗಳ ನಡುವೆ ಬಿಸಿಲು ಬಿಡುತ್ತದೆ. ಮರ ಕಡಿದು ಎಷ್ಟು ವರ್ಷವಾದರೂ ಕಟ್ಟಿಗೆ ಹವೆಯ ಪಸೆಯನ್ನು ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಇಷ್ಟೆಲ್ಲ ಕಣ್ಣಾರೆ ಕಂಡವರೇ ಬೆಂಚಿಗೆ ಹಲಗೆ ಬಡಿಯುವಾಗ ಮರೆಯುತ್ತೇವೆ.

ಇನ್ನು ಲೆಕ್ಕ ನೋಡೋಣ. ಕಟ್ಟಿಗೆ ಎಲ್ಲ ದಿಕ್ಕಿಗೂ ಒಂದೇ ಸಮ ಉಬ್ಬುವುದಿಲ್ಲ. ಎಳೆಯ ಉದ್ದಕ್ಕೆ ಅದರ ಬದಲಾವಣೆ ಲೆಕ್ಕಕ್ಕೆ ಹಿಡಿಯುವಷ್ಟಿಲ್ಲ. ಆರು ಅಡಿ ಹಲಗೆ ಆರು ಅಡಿಯೇ ಇರುತ್ತದೆ. ಅಗಲಕ್ಕೆ ಮಾತ್ರ ಅದು ಬೆಳೆಯುತ್ತದೆ, ಕುಗ್ಗುತ್ತದೆ. ನಮ್ಮ ಕಡೆ ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವುದುಂಟು, ಹವೆ ಒಣ ಹಪ್ಪಳದಂತಿರುತ್ತದೆ. ಆಗ ನೆರಳಲ್ಲಿಟ್ಟ ಕಟ್ಟಿಗೆಯಲ್ಲಿ ನೂರಕ್ಕೆ ಸುಮಾರು 6-7 ಪಾಲು ಪಸೆ ಉಳಿಯುತ್ತದೆ. ಮಳೆಗಾಲದಲ್ಲಿ ಅದು 12-13ಕ್ಕೆ ಏರುತ್ತದೆ. ಸಾಗವಾನಿಯಲ್ಲಿ ಪಸೆ ಒಂದು ಪಾಲು ಏರಿದರೆ ಹಲಗೆಯ ಅಗಲ ನೂರಕ್ಕೆ ಸುಮಾರು ಐದನೇ ಒಂದು ಪಾಲು ಬೆಳೆಯುತ್ತದೆ. ಆರು ಪಾಲು ಏರಿದರೆ ಎರಡು ಅಡಿ ಅಗಲದ ಹಲಗೆ ಸುಮಾರು 7 ಮಿಲಿಮೀಟರ್, ಅಂದರೆ ಎರಡು ಸೂತಕ್ಕಿಂತ ತುಸು ಹೆಚ್ಚು ಬೆಳೆದಂತಾಯಿತು. ಮರದ ಸುತ್ತುಗೆರೆಗಳು ಹಲಗೆಯ ಅಂಚಿನಲ್ಲಿ ನೆಟ್ಟಗೆ ನಿಂತಂತೆ ಕೊಯ್ದ ಹಲಗೆಯಾದರೆ ಇದರ ಅರ್ಧ. ಸಾಗವಾನಿ ಸಾಧು ಮರ. ಬೇರೆ ಅನೇಕ ಕಟ್ಟಿಗೆಗಳು ಇದಕ್ಕಿಂತ ಹೆಚ್ಚು ಆಡುತ್ತವೆ.

ಎರಡು ಸೂತ ಅಂದರೆ ಕಾಲು ಇಂಚು. "ಕಾಲಿಂಚಿಗೆ ಇಷ್ಟು ರಂಪಾಟ ಯಾಕ್ರಿ?" ಅಂತೀರಿ. ಆದರೆ ಹಲಗೆಯ ಕೆಳಗಿನ ಅಡ್ಡಪಟ್ಟಿಯ ಎಳೆ ಹಲಗೆಯ ಅಗಲಕ್ಕೆ ಹಾಯ್ದಿರುತ್ತದೆ. ಆ ದಿಕ್ಕಿಗೆ ಅಡ್ಡಪಟ್ಟಿ ಬೆಳೆಯುವುದೂ ಇಲ್ಲ, ಕುಗ್ಗುವುದೂ ಇಲ್ಲ. ಉಬ್ಬಿದ ಹಲಗೆಯನ್ನು ಶ್ರಾವಣದಲ್ಲಿ ಅದಕ್ಕೆ ಹಿಂದೆ ಮುಂದೆ ಎರಡೂ ಕಡೆ ಬಿಗಿದರೆ ಬೇಸಿಗೆಯಲ್ಲಿ ಹಲಗೆ ಕುಗ್ಗಬೇಕೆನ್ನುತ್ತದೆ, ಮೊಳೆ ಬಿಡುವುದಿಲ್ಲ. ಕಡೆಗೆ ಹಲಗೆ ನಡುವೆ ಸೀಳಿ ತನ್ನ ದಾರಿ ಮಾಡಿಕೊಳ್ಳುತ್ತದೆ. ನನ್ನ ಸಲಹೆಯಿಂದ ಆದದ್ದು ಇದೇ. ಮೇ ತಿಂಗಳಲ್ಲಿ ಬಿಗಿದಿದ್ದರೆ ಉಲ್ಟಾ ಆಗುತ್ತಿತ್ತು: ಮಳೆಗಾಲಕ್ಕೆ ಹಲಗೆ ಉಬ್ಬಿ, ಜಾಗ ಸಿಗದೆ ನಡುವೆ ಎದ್ದು ನಿಲ್ಲುತ್ತಿತ್ತು ಇಲ್ಲವೆ ಮೊಳೆ ಕಿತ್ತುಕೊಳ್ಳುತ್ತಿತ್ತು. ಆದ್ದರಿಂದ ಹಲಗೆಯನ್ನು ಎಷ್ಟು ಬಿಗಿಯಬೇಕು ಎಂದು ಕೇಳುವ ಮೊದಲು ಯಾವ ಕಡೆ ಬಿಗಿಯಬೇಕು, ಯಾವ ಕಡೆ ಬಿಡಬೇಕು ಎಂದು ಕೇಳಬೇಕು.

ಕೆಲಸಕ್ಕೆ ಬರೋಣ. ಹಳೆಯ ಹಲಗೆ ತೆಗೆದ ಕೂಡಲೆ ಹೊಸದನ್ನು ಎತ್ತಿ ಇಡಬೇಡಿರಿ. ಮೊದಲು ಚೌಕಟ್ಟು ಹಿಡಿದು ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ ಅಲ್ಲಾಡಿಸಿರಿ. ಕಿರ್ ಎಂದರೆ ಕೂಡುಗಳು ಸಡಿಲಾಗಿವೆ. ಸಡಿಲ ಚೌಕಟ್ಟಿನ ಮೇಲೆ ಎಂಥ ಹಲಗೆ ಕೂಡಿಸಿದರೂ ರಂದಾ ಹೊಡೆದಾಗ ಬೆಂಚು ನಿಮ್ಮ ಜೊತೆ ನಡೆಯುತ್ತದೆ. ಕಾಲಿನ ತೂತಿಗೆ ಕೂತ ಪಟ್ಟಿಯ ನಾಲಿಗೆಯನ್ನು ಬಿಚ್ಚಿ ಹೊಸ ಗೂಟ ಹಾಕಿರಿ. ಇಲ್ಲಿ ಬಡಿಗೇರರ ಒಂದು ಹಿಕಮತ್ತಿದೆ: ಕಾಲಿನಲ್ಲಿ ಕೊರೆದ ಗೂಟದ ತೂತಿಗೂ ನಾಲಿಗೆಯಲ್ಲಿ ಕೊರೆಯುವ ತೂತಿಗೂ ಅರ್ಧ ಸೂತ ವ್ಯತ್ಯಾಸ ಇಡುತ್ತಾರೆ, ನಾಲಿಗೆಯ ತೂತು ಅದರ ಬುಡದ ಕಡೆಗೆ ಸರಿದಿರುತ್ತದೆ. ತುದಿ ಚೂಪು ಮಾಡಿದ ಜಾಲಿ ಗೂಟ ಹೊಡೆದಾಗ ಅದು ನಾಲಿಗೆಯನ್ನು ಕಾಲಿನೊಳಕ್ಕೆ ಎಳೆದು ಹಿಡಿಯುತ್ತದೆ. ಸರೇಸು ಬೇಕಾಗುವುದೇ ಇಲ್ಲ.

ಆಮೇಲೆ ಚೌಕಟ್ಟಿನ ಮೇಲ್ಮೈ ಸಮ ಇದೆಯೋ ಇಲ್ಲವೋ ನೋಡಬೇಕು. ಎರಡು ನೆಟ್ಟನೆಯ ಕೋಲು ತಂದು ಒಂದನ್ನು ಈ ತುದಿಗೆ, ಇನ್ನೊಂದನ್ನು ಆ ತುದಿಗೆ ಅಡ್ಡ ಇಟ್ಟು, ಕಣ್ಣು ಕೋಲಿನ ಮಟ್ಟಕ್ಕೆ ಇಳಿಸಿ ನೋಡಿರಿ. ಎರಡೂ ಕೋಲು ಒಂದರ ಹಿಂದೆ ಒಂದು ಸರಿಯಾಗಿ ಕಂಡರೆ ಸರಿ. ಒಂದು ಮೂಲೆ ಎದ್ದಿದ್ದರೆ ಅಲ್ಲಿ ಕೆತ್ತಬೇಕು. ಈ ತಿರುಚು ತೆಗೆಯದೆ ಬೋಲ್ಟು ಬಿಗಿದರೆ ಹಲಗೆಯೂ ತಿರುಚುತ್ತದೆ. ನೆಲಕ್ಕೆ ಪರಸಿ ಹಾಸಿದ್ದರೆ ಕಾಲಿನ ಕೆಳಗೆ ಅಲ್ಲಾಟವಿಲ್ಲದಂತೆ ನೋಡಿಕೊಳ್ಳಿರಿ. ಮಣ್ಣಿನ ನೆಲವಾದರೆ ಪ್ರತಿ ಕಾಲಿಗೂ ಒಂದೊಂದು ಪರಸಿ ತುಂಡು ಕೊಡಿರಿ. ಒರಲೆ ಕಾಲಿನೊಳಗೆ ಕಾಣದಂತೆ ಏರುವುದು ತಪ್ಪುತ್ತದೆ. ಕಲ್ಲಿನ ಮೇಲೆ ಮಣ್ಣಿನ ಗೆರೆ ಕಂಡರೆ ಒರಸಿ ಹಾಕಬಹುದು.

ಹಲಗೆಯ ಆಯ್ಕೆಯ ವಿಷಯ ಉದ್ದವಾಗುತ್ತದೆ; ಬೇಕಾದಷ್ಟೇ ಹೇಳುತ್ತೇನೆ. ದಪ್ಪ ಎರಡೂವರೆಯಿಂದ ಮೂರು ಇಂಚು ಇರಲಿ. ಚೇಗು ಕಟ್ಟಿಗೆ ಇರಲಿ, ಅಂಚಿನ ಬಿಳಿ ಭಾಗ ಹುಳಕ್ಕೆ ಆಹಾರ. ಸಾಗವಾನಿ ತುಟ್ಟಿ ಎನ್ನುವವರಿಗೆ ಜಾಲಿ, ಬೇವು ಇವೆ. ಜಾಲಿ ಗಟ್ಟಿ, ಪೆಟ್ಟು ತಡೆಯುತ್ತದೆ, ಆದರೆ ಅಗಲವಾದ ನೆಟ್ಟನೆ ಹಲಗೆ ಸಿಗುವುದು ಕಡಿಮೆ. ಸ್ವಂತ ಹೊಲದ ಬದುವಿನ ಮರವಾದರೂ ಕಡಿಯುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿರಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಅನೇಕ ಮರಗಳಿಗೆ ಅನುಮತಿ ಬೇಕು. ಹಸಿ ಹಲಗೆ ತಂದು ಕೂಡಿಸಲೇಬಾರದು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ನೆರಳಲ್ಲಿ ಒಣಗಿಸಬೇಕೆಂಬುದು ಹಳೆಯ ಲೆಕ್ಕ. ಹಲಗೆಗಳ ನಡುವೆ ಕಡ್ಡಿ ಕೊಟ್ಟು ಗಾಳಿ ಆಡುವಂತೆ ಪೇರಿಸಿರಿ. ಎರಡೂ ತುದಿಗೆ ಬಣ್ಣ ಬಳಿಯಿರಿ, ಏನೂ ಇಲ್ಲದಿದ್ದರೆ ಸಗಣಿಯನ್ನಾದರೂ ಮೆತ್ತಿರಿ. ತುದಿಯಿಂದ ಪಸೆ ಬೇಗ ಹೋಗುತ್ತದೆ, ಸೀಳು ಶುರುವಾಗುವುದು ಅಲ್ಲಿಂದಲೇ. ಕೂಡಿಸುವಾಗ ಹಲಗೆಯ ತುದಿಯಲ್ಲಿ ಸುತ್ತುಗೆರೆ ನೋಡಿ, ಮರದ ತಿರುಳಿನ ಕಡೆಯ ಮುಖ ಮೇಲೆ, ತೊಗಟೆ ಕಡೆಯ ಮುಖ ಕೆಳಗೆ ಬರುವಂತೆ ಇಡಿರಿ. ಒಣಗುವಾಗ ತೊಗಟೆ ಕಡೆಯ ಮುಖವೇ ಹೆಚ್ಚು ಕುಗ್ಗುವುದರಿಂದ ಅಂಚುಗಳು ಚೌಕಟ್ಟಿಗೆ ಒತ್ತಿ ಕೂರುತ್ತವೆ. ತಿರುವಿಟ್ಟರೆ ಅಂಚು ಎದ್ದು ಬೆಂಚು ದೋಣಿಯಾಗುತ್ತದೆ.

ಈಗ ಮುಖ್ಯ ಮಾತು. ನೀವು ನಿಂತು ಕೆಲಸ ಮಾಡುವ ಮುಂದಿನ ಅಂಚನ್ನು ಗಟ್ಟಿ ಬಿಗಿಯಬೇಕು, ಹಿಂದಿನ ಅಂಚನ್ನು ಜಾರಲು ಬಿಡಬೇಕು. ಮುಂದಿನ ಅಂಚು ಕಾಲುಗಳಿಗೆ ಸಮನಾಗಿ ನಿಂತರೆ ದಿಂಡನ್ನು ಅದಕ್ಕೆ ಆನಿಸಿ ಹಿಡಿಯಬಹುದು. ಹಿಂದಿನ ಅಂಚು ಕಾಲಿಂಚು ಹೊರಬಂದರೂ ಯಾರಿಗೂ ತೊಂದರೆಯಿಲ್ಲ.

ಅರ್ಧ ಇಂಚಿನ ಬೋಲ್ಟು ಆರು ತನ್ನಿರಿ, ಮುಂದೆ ಮೂರು, ಹಿಂದೆ ಮೂರು. ಮುಂದಿನ ಉದ್ದಪಟ್ಟಿಯಲ್ಲಿ ಬೋಲ್ಟಿಗೆ ಸರಿಯಾದ ಗುಂಡು ತೂತು ಕೊರೆಯಿರಿ. ಹಿಂದಿನ ಪಟ್ಟಿಯಲ್ಲಿ ಜಾರುತೂತು ಮಾಡಿರಿ. ಜಾರುತೂತು ಎಂದರೆ ಬೆಂಚಿನ ಉದ್ದದ ಕಡೆಗೆ ಅರ್ಧ ಇಂಚೇ, ಬೋಲ್ಟು ಬಿಗಿಯಾಗಿ ಹಿಡಿಯಬೇಕು. ಹಿಂದೆ-ಮುಂದಿನ ಕಡೆಗೆ ಒಂದು ಇಂಚು, ಬೋಲ್ಟು ಸರಿದಾಡಬೇಕು. ಎರಡು ತೂತು ಪಕ್ಕಪಕ್ಕಕ್ಕೆ ಕೊರೆದು ನಡುವಿನದನ್ನು ಉಳಿಯಿಂದ ತೆಗೆದರೆ ಆಯಿತು. ಉದ್ದದ ಕಡೆಗೆ ಸಡಿಲು ಬಿಡಬಾರದು, ಏಕೆಂದರೆ ರಂದಾ ತಳ್ಳುವ ದಿಕ್ಕು ಅದೇ. ಅಲ್ಲಿ ಸಡಿಲಾದರೆ ಹಲಗೆ ಪ್ರತಿ ಹೊಡೆತಕ್ಕೂ ಟಕ್ ಟಕ್ ಎನ್ನುತ್ತದೆ. ಹಲಗೆಯಲ್ಲಿ ಮಾತ್ರ ಎಲ್ಲ ಕಡೆಯೂ ಗುಂಡು ತೂತೇ ಇರಲಿ.

ಇಲ್ಲಿ ತಿಂಗಳು ನೋಡಬೇಕಾಗುತ್ತದೆ. ಬೇಸಿಗೆಯಲ್ಲಿ ಕೂಡಿಸಿದರೆ ಹಲಗೆ ಕುಗ್ಗಿರುತ್ತದೆ, ಮುಂದೆ ಬೆಳೆಯುತ್ತದೆ. ಆದ್ದರಿಂದ ಬೋಲ್ಟು ಜಾರುತೂತಿನ ಮುಂದಿನ ತುದಿಗೆ ಇದ್ದು ಹಿಂದೆ ಜಾಗ ಉಳಿಯಬೇಕು. ಶ್ರಾವಣದಲ್ಲಿ ಕೂಡಿಸಿದರೆ ಬೋಲ್ಟು ಹಿಂದಿನ ತುದಿಗೆ ಇದ್ದು ಮುಂದೆ ಜಾಗ ಉಳಿಯಬೇಕು. ದೀಪಾವಳಿಯ ಸುಮಾರಿಗಾದರೆ ನಡುವೆ. ತೂತು ಸರಿಯಾಗಿದ್ದು ಬೋಲ್ಟು ತಪ್ಪು ತುದಿಗೆ ಕೂತರೆ ಮೊಳೆ ಹೊಡೆದದ್ದಕ್ಕೂ ಇದಕ್ಕೂ ಫರಕಿಲ್ಲ.

ಬೋಲ್ಟಿನ ತಲೆ ಮೇಲಿನಿಂದ ಬರುವುದಾದರೆ ಅದನ್ನು ಹಲಗೆಯಲ್ಲಿ ಒಂದು ಇಂಚು ಆಳ ಇಳಿಸಿ, ಮೇಲೆ ಕಟ್ಟಿಗೆಯ ಬಿರಡೆ ಹಾಕಿ ಸಮ ಮಾಡಿರಿ. ಇಲ್ಲದಿದ್ದರೆ ಒಂದು ದಿನ ರಂದಾದ ಬಾಯಿ ಅದಕ್ಕೆ ತಗುಲುವುದು ಖಂಡಿತ. ಬಿರಡೆಗೆ ಸರೇಸು ಚೂರೇ ಹಚ್ಚಿರಿ, ಮುಂದೆ ಬಿಚ್ಚಬೇಕಾದೀತು. ಕೆಳಗೆ ನಟ್ಟಿನ ಅಡಿಗೆ ಅಂಗಡಿಯ ಸಣ್ಣ ವಾಶರ್ ಸಾಲದು, ಜಾರುತೂತಿನೊಳಗೆ ಅದು ಮುಳುಗುತ್ತದೆ. ಕಮ್ಮಾರರಿಂದ ಎರಡು ಇಂಚಿನ ಕಬ್ಬಿಣದ ಪಟ್ಟಿ ತುಂಡಿಗೆ ತೂತು ಹೊಡೆಸಿರಿ. ನಟ್ಟನ್ನು ಕೈಯಿಂದ ಬಿಗಿದು, ಪಾನದಿಂದ ಕಾಲು ಸುತ್ತು ಮಾತ್ರ ಕೊಡಿರಿ. ಟ್ರ್ಯಾಕ್ಟರ್ ಗಾಲಿಯ ನಟ್ಟು ಬಿಗಿದಂತೆ ಮೈಭಾರ ಹಾಕಿದರೆ ಜಾರುತೂತು ಇದ್ದೂ ಹಲಗೆ ಜಾರುವುದಿಲ್ಲ. ಹಲಗೆ ಮತ್ತು ಚೌಕಟ್ಟಿನ ನಡುವೆ ಸರೇಸಾಗಲಿ ಫೆವಿಕಾಲ್ ಆಗಲಿ ಹಚ್ಚಬೇಡಿರಿ. ಮೇಲೆ ಕಬ್ಬಿಣವೇ ಬೇಡವೆಂದರೆ ಕೆಳಗಿನಿಂದ ಪಟ್ಟಿಯ ಮೂಲಕ ದಪ್ಪ ತಿರುಪು ಮೊಳೆ ಕೊಡಬಹುದು. ಅದು ಹಲಗೆಯ ದಪ್ಪದ ಮೂರರಲ್ಲಿ ಎರಡು ಪಾಲು ಒಳಹೋಗಬೇಕು, ಜಾರುತೂತಿನ ನಿಯಮ ಅದೇ.

ಇಷ್ಟು ಹೇಳಿದರೂ ನಮ್ಮ ಹಳ್ಳಿಗಳಿಗೆ ನನಗೆ ಹೆಚ್ಚು ಸರಿಬಂದ ಪದ್ಧತಿ ಇನ್ನೊಂದು. ಎರಡು ಅಡಿ ಅಗಲದ ಒಂದೇ ಹಲಗೆ ಸಿಗುವುದು ಕಷ್ಟ, ಸಿಕ್ಕರೆ ಬೆಲೆ ಕೇಳಿ ಎದೆ ಒಡೆಯುತ್ತದೆ. ಒಂದೊಂದು ಅಡಿ ಅಗಲದ ಎರಡು ಹಲಗೆ ತನ್ನಿರಿ. ಮುಂದಿನ ಹಲಗೆಯನ್ನು ಅದರ ಮುಂದಿನ ಅಂಚಿಗೆ, ಹಿಂದಿನ ಹಲಗೆಯನ್ನು ಅದರ ಹಿಂದಿನ ಅಂಚಿಗೆ ಗುಂಡು ತೂತಿನಿಂದ ಬಿಗಿಯಿರಿ. ಎರಡರ ನಡುವೆ ಅರ್ಧ ಇಂಚು ಸಂದು ಬಿಡಿರಿ. ಸಂದಿನ ಕಡೆಯ ಅಂಚುಗಳನ್ನು ಅಡ್ಡಪಟ್ಟಿಗಳಿಗೆ ಜಾರುತೂತಿನಲ್ಲಿ ಹಿಡಿಸಿರಿ. ಇಲ್ಲಿ ಮುಕ್ಕಾಲು ಇಂಚಿನ ತೂತು ಸಾಕು. ಮಳೆಗಾಲದಲ್ಲಿ ಎರಡೂ ಹಲಗೆ ಸಂದಿನ ಕಡೆ ಬೆಳೆಯುತ್ತವೆ, ಸಂದು ಅರ್ಧಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಮತ್ತೆ ತೆರೆಯುತ್ತದೆ. ಬೆಂಚಿನ ಹೊರ ಅಳತೆ ವರ್ಷವಿಡೀ ಒಂದೇ. ಸೌದೆ, ಹೊಟ್ಟು ಸಂದಿನಿಂದ ಕೆಳಗೆ ಉದುರುತ್ತದೆ. ಒಂದು ಹಲಗೆ ಹಾಳಾದರೆ ಅದೊಂದನ್ನೇ ಬದಲಿಸಬಹುದು. ನನ್ನಿಂದ ಸೀಳಿಸಿಕೊಂಡ ಯಜಮಾನರ ಹಲಗೆಯನ್ನು ಮುತ್ಯಾ ಉಳಿಸಿದ್ದು ಹೀಗೆಯೇ: ಸೀಳಿನ ಗುಂಟ ಪೂರಾ ಕೊಯ್ದು, ಎರಡೂ ಅಂಚು ರಂದಾ ಹೊಡೆದು, ನಡುವೆ ಸಂದು ಬಿಟ್ಟು ಮತ್ತೆ ಕೂಡಿಸಿದರು. "ಹಲಗಿ ತಾನ ಹೇಳ್ಯಾದ ಎಲ್ಲಿ ಕೊಯ್ಯಬೇಕಂತ, ನಾ ಏನ್ ಮಾಡೀನಿ" ಎಂದರು.

ಪರದೇಶದ ಬಡಿಗರೂ ಇದನ್ನು ತಮ್ಮ ರೀತಿಯಲ್ಲಿ ಬಗೆಹರಿಸಿಕೊಂಡಿದ್ದರು. ಫ್ರಾನ್ಸಿನ ಬಡಗಿ ಆಂದ್ರೆ ರೂಬೊ 18ನೆಯ ಶತಮಾನದಲ್ಲಿ ಬಡಿಗತನದ ಮೇಲೆ ದೊಡ್ಡ ಗ್ರಂಥವನ್ನೇ ಬರೆದ. ಅವನು ಚಿತ್ರಿಸಿದ ಬೆಂಚಿನಲ್ಲಿ ಒಂದೇ ದಪ್ಪ ದಿಮ್ಮಿಯಂಥ ಹಲಗೆಯೊಳಕ್ಕೆ ಕಾಲುಗಳ ತಲೆಯೇ ನೇರ ನುಗ್ಗಿರುತ್ತದೆ, ಬೋಲ್ಟಿಲ್ಲ. ಅಂಥ ದಿಮ್ಮಿ ನಮಗೆಲ್ಲಿಂದ ಬರಬೇಕು, ಬಿಡಿರಿ.

ಪ್ಲೈವುಡ್ ಹಾಕಬಹುದೇ ಎಂದು ಕೆಲವರು ಕೇಳುತ್ತಾರೆ. ಪ್ಲೈವುಡ್‌ನಲ್ಲಿ ಎಳೆಗಳು ಒಂದರ ಮೇಲೊಂದು ಅಡ್ಡಡ್ಡ ಇರುವುದರಿಂದ ಅದು ಉಬ್ಬುವುದು ಕುಗ್ಗುವುದು ತೀರ ಕಡಿಮೆ, ಎಲ್ಲಿ ಬೇಕಾದರೂ ಬಿಗಿಯಬಹುದು. ಆದರೆ ತೆಳುವಾದದ್ದು ಕೊಡತಿ ಪೆಟ್ಟಿಗೆ ಪುಟಿಯುತ್ತದೆ. ಕೊಟ್ಟಿಗೆ ಸೋರುತ್ತಿದ್ದರೆ ಪದರು ಬಿಡುತ್ತದೆ. ಮುಕ್ಕಾಲು ಇಂಚಿನವು ಎರಡು ಸೇರಿಸಿ ಅಂಟಿಸಿದರೆ ಸಣ್ಣ ಕೆಲಸಕ್ಕೆ ನಡೆದೀತು, ಕೂರಿಗೆಯ ದಿಂಡಿಗೆ ತೂತು ಹೊಡೆಯಲು ನಾನು ಹೇಳಲಾರೆ.

ಹಲಗೆ ಕೂಡಿಸಿದ ಮೇಲೆ ಅಗಸೆ ಎಣ್ಣೆ ಹಚ್ಚಿರಿ. ಮೇಲೆ ಹಚ್ಚಿದಷ್ಟೇ ಕೆಳಗೂ ಹಚ್ಚಬೇಕು. ಅದಕ್ಕೆ ಕೂಡಿಸುವ ಮೊದಲೇ ಕೆಳಮುಖಕ್ಕೆ ಎರಡು ಸಲ ಹಚ್ಚಿಬಿಡುವುದು ಲೇಸು. ಒಂದು ಮುಖಕ್ಕೆ ಮಾತ್ರ ಹಚ್ಚಿದರೆ ಆ ಮುಖ ಪಸೆ ಹೀರುವುದು ನಿಧಾನ, ಇನ್ನೊಂದು ಬೇಗ, ಹಲಗೆ ಬಾಗುತ್ತದೆ. ಎಣ್ಣೆ ಒಣಗಲು ಕೆಲವು ದಿನ ಹಿಡಿಯುತ್ತದೆ. ಶೇಂಗಾ ಎಣ್ಣೆ ಬೇಡ, ಅದು ಒಣಗುವುದೇ ಇಲ್ಲ, ಜಿಡ್ಡಾಗಿ ಧೂಳು ಹಿಡಿಯುತ್ತದೆ. ಒಂದು ಎಚ್ಚರ ಮಾತ್ರ ತಪ್ಪಬಾರದು: ಅಗಸೆ ಎಣ್ಣೆ ಒರಸಿದ ಅರಿವೆಯನ್ನು ಮುದ್ದೆ ಮಾಡಿ ಕೊಟ್ಟಿಗೆಯಲ್ಲಿ ಒಗೆಯಬೇಡಿರಿ. ಎಣ್ಣೆ ಒಣಗುವಾಗ ಕಾವು ಹುಟ್ಟಿ, ಯಾರೂ ಕಿಡಿ ಹಚ್ಚದಿದ್ದರೂ ಮುದ್ದೆಗೆ ಬೆಂಕಿ ಹತ್ತಬಹುದು. ಮಗ್ಗುಲಲ್ಲೇ ಕಣಿಕೆ, ಹೊಟ್ಟು ಇರುತ್ತದೆ, ದನ ಕಟ್ಟಿರುತ್ತವೆ. ಅರಿವೆಯನ್ನು ಹೊರಗೆ ಬಿಚ್ಚಿ ಹರವಿ ಒಣಗಿಸಿರಿ, ಇಲ್ಲವೆ ನೀರಲ್ಲಿ ಅದ್ದಿಡಿರಿ.

ನಿಮ್ಮ ಹಲಗೆ ಎಷ್ಟು ಆಡುತ್ತದೆಂದು ನೋಡುವ ಮನಸ್ಸಿದ್ದರೆ ಹೊಸ ಹಲಗೆಯ ಅಗಲವನ್ನು ಮೇ ತಿಂಗಳಲ್ಲಿ ಒಂದು ಕೋಲಿನ ಮೇಲೆ ಗೆರೆ ಹಾಕಿ ಗುರುತು ಮಾಡಿರಿ. ಕೋಲು ಉದ್ದೆಳೆಯದು, ಅದು ಬದಲಾಗುವುದಿಲ್ಲ. ಶ್ರಾವಣದ ಕೊನೆಗೆ ಅದೇ ಕೋಲು ಇಟ್ಟು ಇನ್ನೊಂದು ಗೆರೆ ಹಾಕಿರಿ. ಎರಡು ಗೆರೆಗಳ ನಡುವಿನ ಅಂತರವೇ ನಿಮ್ಮ ಜಾರುತೂತಿಗೆ ಬೇಕಾದ ಜಾಗ. ಮೊದಲ ವರ್ಷ ನಟ್ಟುಗಳನ್ನು ಎರಡು ಸಲ ನೋಡಿರಿ: ಯುಗಾದಿ ಮುಗಿದ ಮೇಲೊಮ್ಮೆ, ಸೀಗಿ ಹುಣ್ಣಿಮೆಯ ಸುಮಾರಿಗೊಮ್ಮೆ. ಬೇಸಿಗೆಯಲ್ಲಿ ಕಟ್ಟಿಗೆ ದಪ್ಪದಲ್ಲಿಯೂ ತುಸು ಇಳಿಯುವುದರಿಂದ ನಟ್ಟು ಸಡಿಲಾಗಿರುತ್ತದೆ, ಕಾಲು ಸುತ್ತು ಕೊಡಿರಿ. ಮಳೆಗಾಲದಲ್ಲಿ ನಟ್ಟು ಕಟ್ಟಿಗೆಯೊಳಗೆ ಒತ್ತಿ ಕೂತಂತೆ ಕಂಡರೆ ಅಷ್ಟೇ ಬಿಚ್ಚಿರಿ. ಹಳೆಯ ಹಲಗೆಯಲ್ಲಿ ಒರಲೆ ಮುಟ್ಟದ ತುಂಡು ಉಳಿದಿದ್ದರೆ ಬಿರಡೆಗೂ ಗೂಟಕ್ಕೂ ತೆಗೆದಿಟ್ಟುಕೊಳ್ಳಿರಿ. ಅದಕ್ಕಿಂತ ಒಣಗಿದ ಕಟ್ಟಿಗೆ ಅಂಗಡಿಯಲ್ಲಿ ಸಿಗುವುದಿಲ್ಲ.